ಅಕಿನೊನ ಕತೆ ಕೇಳಿದವರು

ಚಲುವಯ್ಯನನ್ನು ಕಲ್ಲುಕಂಬಕ್ಕೆ ಕಟ್ಟಿಹಾಕಿ ಹೊಡೆದಿದ್ದಾರೆ ಎಂಬ ಸುದ್ದಿ ಬಂದಾಗ ಅವನ ಮಗ ಅರುಣ್‌ಕುಮಾರ್ ಅರಕಲಗೂಡಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಬೈಕು ಹತ್ತಿ ದಿಣ್ಣೆಕೊಪ್ಪಲು ಮುಟ್ಟುವಷ್ಟರಲ್ಲಿ ಯಾರೋ ಹಗ್ಗ ಬಿಚ್ಚಿದ್ದರು. ಗುಡ್ಡದ ಬುಡದಲ್ಲಿ ಹೊಸದಾಗಿ ನೆಟ್ಟ ಕಂಬಗಳ ಸಾಲಿನ ಹೊರಗೆ ಅಪ್ಪ ಬಿದ್ದಿದ್ದ. ಎಡಗಾಲಿನ ಮೂಳೆ ಮೊಣಕಾಲ ಕೆಳಗೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ತಾಯಿ ಮುದ್ದಮ್ಮ ತಲೆಯ ವಸ್ತ್ರ ಬಿಚ್ಚಿ ಗಾಯದ ಮೇಲೆ ಒತ್ತಿ ಹಿಡಿದಿದ್ದಳು. ವಸ್ತ್ರ ನೆನೆದು ಅವಳ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ಯಾರಪ್ಪಾ ಹೊಡೆದದ್ದು?"

"ಪಾಲಾಕ್ಷಪ್ಪನೇ ಕಣ್ಲಾ. ಕಬ್ಬಿಣದ ಆರೇಲಿ ಒಡ್ದ," ಎಂದ ಚಲುವಯ್ಯ. "ದನ ಬೇಲಿ ದಾಟಿ ಒಳಕ್ಕೋಯ್ತು. ಒಡ್ಕೊಂಡ್ ಬರಾನ ಅಂತ ನಾನೂ ಒಳಕ್ಕೋದೆ. ನೋಡೋರು ನೋಡ್ಲಿ ಅಂತ ಕಂಬಕ್ಕೆ ಕಟ್ಟಿ ಒಡ್ದ."

ಆ ಗುಡ್ಡ ಊರಿನ ಗೋಮಾಳ. ಚಲುವಯ್ಯನ ತಾತನ ಕಾಲದಿಂದಲೂ ಮೇಲಿನ ಬೀದಿಯ ದನವೂ ಕೆಳಗಿನ ಬೀದಿಯ ದನವೂ ಅಲ್ಲೇ ಮೇಯುತ್ತಿದ್ದವು. ಮೇಲಿನ ಬೀದಿಯ ಪಾಲಾಕ್ಷ ಶುಂಠಿ ವ್ಯಾಪಾರದಲ್ಲಿ ಮೇಲೆದ್ದವನು; ಆ ಬೇಸಿಗೆಯಲ್ಲಿ ಅದರ ಮುಕ್ಕಾಲು ಪಾಲಿಗೆ ಕಂಬ ನೆಟ್ಟು ಮುಳ್ಳುತಂತಿ ಎಳೆಸಿದ್ದ. ತಹಸೀಲ್ದಾರರಿಗೆ ಚಲುವಯ್ಯನೂ ಕೆಳಗಿನ ಬೀದಿಯ ಉಳಿದವರೂ ಅರ್ಜಿ ಕೊಟ್ಟಿದ್ದರು. ಅಳತೆಗೆ ಬರುತ್ತೇವೆ ಎಂದವರು ಬಂದಿರಲಿಲ್ಲ.

ಚಲುವಯ್ಯನನ್ನು ಎತ್ತಿ ಆಟೋಗೆ ಹಾಕುವಾಗ ತಲೆಯ ಕಡೆ ಹಿಡಿದಿದ್ದವನು ನಾಗೇಶ. ಮುದ್ದಮ್ಮನ ತಂಗಿಯ ಮಗ. ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಿದ್ದರಿಂದ ಅವನನ್ನು ಮುದ್ದಮ್ಮನೇ ಸಾಕಿದ್ದಳು. ಜೆಸಿಬಿ ಓಡಿಸುತ್ತಿದ್ದ. ಕಂಬದ ಗುಂಡಿ ತೋಡಲು ಪಾಲಾಕ್ಷ ಮೊದಲು ಅವನಿಗೇ ಹೇಳಿಕಳಿಸಿದ್ದ. ಅವನು ಕೀಲಿಕೈಯನ್ನು ಮಾಲೀಕನ ಮುಂದಿಟ್ಟು ಮನೆಗೆ ಬಂದಿದ್ದ. ಮಾರನೇ ದಿನ ಬೇರೆ ಡ್ರೈವರು ಬಂದು ಗುಂಡಿ ತೋಡಿದ.

ಆಟೋದ ಬಾಗಿಲಲ್ಲಿ ನಿಂತು ನಾಗೇಶ ಅರುಣನ ಮುಖ ನೋಡಿದ.

"ಅಣ್ಣಾ, ಅಕಿನೊನ ತಮ್ಮನ್ನೂ ಇಂಗೇ ಅಲ್ವಾ ಕಟ್ಟಾಕಿದ್ದು?"

ಅರುಣ ಅಪ್ಪನ ಕಾಲನ್ನು ಎತ್ತಿ ಸೀಟಿನ ಮೇಲಿಟ್ಟ. "ಹತ್ತೋ, ಹೊತ್ತಾಗ್ತದೆ," ಎಂದ. ನಾಗೇಶ ಹತ್ತಲಿಲ್ಲ. "ದನ ಇನ್ನೂ ಒಳಗೇ ಅವೆ. ನೀವು ನಡೀರಿ," ಎಂದು ಬಾಗಿಲು ಹಾಕಿದ.

ಅಕಿನೊನ ಕತೆ ಆ ಬೀದಿಗೆ ಬಂದದ್ದು ಅರುಣನಿಂದಲೇ. ಕೆಳಗಿನ ಬೀದಿಯ ಹೆಚ್ಚಿನ ಮನೆಗಳು ಬೌದ್ಧಧರ್ಮ ಸ್ವೀಕರಿಸಿದ್ದವು. ಭಾನುವಾರ ಬೆಳಗ್ಗೆ ಬೀದಿಯ ಭವನದಲ್ಲಿ ಬುದ್ಧವಂದನೆ ಮುಗಿದ ಮೇಲೆ ಚಹಾ ಕುಡಿಯುತ್ತ ಕೂರುವುದು ರೂಢಿ. ಹಿಂದಿನ ಮಳೆಗಾಲದಲ್ಲಿ ಹೀಗೇ ಕೂತಿದ್ದಾಗ ಯಾರೋ ಒಬ್ಬರು, "ಅಲ್ಲಾ ಅರುಣ, ಆರು ವರ್ಸ ಮೈಸೂರಲ್ಲಿ ಅದೇನಪ್ಪ ಓದ್ದೆ ನೀನು?" ಎಂದು ಕೇಳಿದರು. ಅರುಣ ನಕ್ಕು, ಎರಡು ಅಮೆರಿಕ ಖಂಡಗಳ ನಡುವೆ ಇರುವ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದ ಚರಿತ್ರೆ ಎಂದ. ನಮ್ಮ ಹಾಸನ ಜಿಲ್ಲೆಯಂಥ ಮೂರು ಜಿಲ್ಲೆ ಸೇರಿಸಿದರೆ ಆ ದೇಶ, ನಮ್ಮ ಮಲೆಸೀಮೆಯ ಹಾಗೆಯೇ ಅಲ್ಲೂ ಕಾಫಿ ಬೆಳೆಯುತ್ತಾರೆ ಎಂದ. ಕೂತವರು ಅಷ್ಟಕ್ಕೆ ಬಿಡಲಿಲ್ಲ. ಹೇಳು ಎಂದರು. ಹಲವು ಭಾನುವಾರ ಹೇಳಿದ.

ಆ ನೆಲಕ್ಕೆ ಮೊದಲು ಕುಸ್ಕತ್ಲಾನ್ ಎಂಬ ಹೆಸರಿತ್ತು. ಮೆಕ್ಕೆಜೋಳ ಬೆಳೆದು ತಿನ್ನುವ ಜನ. ಕೋಕೋ ಬೀಜವೇ ಅವರ ಸಂತೆಯ ನಾಣ್ಯ. ಐನೂರು ವರ್ಷಗಳ ಹಿಂದೆ ಸ್ಪೇನಿನ ದಂಡು ಉತ್ತರದ ಕಡೆಯಿಂದ ಕುದುರೆಗಳ ಮೇಲೆ ಬಂತು. ಕಡಲ ದಡದ ಕಾಳಗದಲ್ಲಿ ಆ ದಂಡಿನ ನಾಯಕನ ತೊಡೆಗೇ ಒಂದು ಬಾಣ ನಾಟಿತು, ಬದುಕಿರುವವರೆಗೂ ಅವನು ಕುಂಟಿದ.

"ಬಾಣ ಬಿಟ್ಟೋನು ಗಟ್ಟಿಗ ಕಣ್ರಲಾ," ಎಂದು ಆಗ ಚಲುವಯ್ಯ ತೊಡೆ ತಟ್ಟಿದ್ದ.

ಆದರೂ ಕೆಲವೇ ವರ್ಷಗಳಲ್ಲಿ ನೆಲ ಸ್ಪೇನಿನವರ ಪಾಲಾಯಿತು. ಅವರು ನೀಲಿ ಬೆಳೆಸಿದರು. ಬಟ್ಟೆಗೆ ಬಣ್ಣ ಹಾಕುವ ನೀಲಿ. ಸೊಪ್ಪು ಕೊಳೆಸುವ ತೊಟ್ಟಿಗಳ ನಾತ, ನೊಣ, ಜ್ವರ, ಊರೂರೇ ಖಾಲಿಯಾದವು. ಆಮೇಲೆ ಸ್ಪೇನಿನಿಂದ ಸ್ವಾತಂತ್ರ್ಯ ಬಂತು. ಬಂದದ್ದು ನೀಲಿ ತೋಟದ ಧಣಿಗಳಿಗೆ. ಕೂಲಿಯವರನ್ನು ಮೊದಲಿನಂತೆಯೇ ಹಿಡಿದು ದಂಡಿಗೆ ಎಳೆಯುತ್ತಿದ್ದರು, ತೆರಿಗೆ ಸುಲಿಯುತ್ತಿದ್ದರು. ನೊನುವಾಲ್ಕೊ ಎಂಬ ಬುಡಕಟ್ಟಿನ ಒಬ್ಬ ಕೂಲಿಯವನ ತಮ್ಮನನ್ನು ಧಣಿಯೊಬ್ಬ ಕೋಳಕ್ಕೆ ಹಾಕಿಸಿದನಂತೆ. ಆ ಕೂಲಿಯವನೇ ಅನಸ್ತಾಸಿಯೊ ಅಕಿನೊ. ಸಾವಿರಾರು ಜನರನ್ನು ಕಟ್ಟಿಕೊಂಡು ಎದ್ದ. ಸೈನ್ಯವನ್ನು ಹಿಮ್ಮೆಟ್ಟಿಸಿದ, ಪೇಟೆ ಹಿಡಿದ, ಇಗರ್ಜಿಗೆ ನುಗ್ಗಿ ಸಂತನ ಮೂರ್ತಿಯ ತಲೆಯ ಮೇಲಿದ್ದ ಕಿರೀಟ ತೆಗೆದು ತನ್ನ ತಲೆಗೆ ಇಟ್ಟುಕೊಂಡ ಎಂದು ಜನ ಇಂದಿಗೂ ಹೇಳುತ್ತಾರೆ. ಕದ್ದವನ ಕೈ ಕಡಿಯಬೇಕು ಎಂದು ಕಟ್ಟಳೆ ಮಾಡಿದ ಎನ್ನುತ್ತಾರೆ.

ಬೀದಿಯ ಹೆಂಗಸರ ಬಾಯಲ್ಲಿ ಅವನು ಬೇಗನೆ 'ಅಕ್ಕಿನಣ್ಣ'ನಾದ.

ಅರುಣ ಅಲ್ಲಿಗೆ ನಿಲ್ಲಿಸಿರಲಿಲ್ಲ. ಕೆಲವೇ ತಿಂಗಳಲ್ಲಿ ಅಕಿನೊ ಸಿಕ್ಕಿಬಿದ್ದದ್ದು, ಅವನನ್ನು ಕೊಂದು, ತಲೆ ಕತ್ತರಿಸಿ, ಪಂಜರದಲ್ಲಿಟ್ಟು ಊರಿಗೆಲ್ಲ ಕಾಣುವಂತೆ ನೇತುಹಾಕಿದ್ದು, ಎಲ್ಲವನ್ನೂ ಹೇಳಿದ. ಐವತ್ತು ವರ್ಷದ ನಂತರ ಸರ್ಕಾರವೇ ಕಾನೂನು ಮಾಡಿ ಊರೊಟ್ಟಿನ ಜಮೀನನ್ನೆಲ್ಲ ರದ್ದುಮಾಡಿತು, ಗುಡ್ಡಗಳೆಲ್ಲ ಕಾಫಿತೋಟದವರ ಕೈಸೇರಿದವು, ಮತ್ತೆ ಐವತ್ತು ವರ್ಷಕ್ಕೆ ಜನ ಮಚ್ಚು ಹಿಡಿದು ಎದ್ದಾಗ ಸೈನ್ಯ ಕೊಂದದ್ದು ಹತ್ತು ಸಾವಿರ ಎನ್ನುವವರಿದ್ದಾರೆ, ಮೂವತ್ತು ಸಾವಿರ ಎನ್ನುವವರೂ ಇದ್ದಾರೆ ಎಂದ.

ಕತೆ ಒಂದೇ ಆದರೂ ಎಲ್ಲರೂ ಅದನ್ನು ಒಂದೇ ಥರ ಕೇಳಿಸಿಕೊಳ್ಳಲಿಲ್ಲ. ಚಲುವಯ್ಯನಿಗೆ ಕಾನೂನಿನ ಮಾತು ಹಿಡಿಯಿತು. ಪಾಲಾಕ್ಷ ಕಂಬ ನೆಟ್ಟ ಮರುವಾರವೇ ಅರ್ಜಿ ಕೊಡೋಣ ಎಂದವನು ಅವನು. ಮುದ್ದಮ್ಮ ಎಷ್ಟೋ ದಿನ ಆ ತಲೆಯ ಬಗ್ಗೆಯೇ ಕೇಳುತ್ತಿದ್ದಳು. "ಅವ್ರವ್ವ ಇದ್ಲೇನ್ಲಾ ಆಗ? ಆ ದಾರೀಲೇ ಓಡಾಡ್ಬೇಕಿತ್ತಾ ಅವ್ಳು?" ನಾಗೇಶ ಏನನ್ನೂ ಕೇಳಿರಲಿಲ್ಲ. ಗೋಡೆಗೆ ಒರಗಿ ಕೂತು ಹಲ್ಲಿನಲ್ಲಿ ಕಡ್ಡಿ ಕಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಹಾಸನದ ಆಸ್ಪತ್ರೆಯಲ್ಲಿ ಚಲುವಯ್ಯನ ಕಾಲಿಗೆ ರಾಡು ಹಾಕಿದರು. ಅರುಣನೂ ಮುದ್ದಮ್ಮನೂ ಅಲ್ಲೇ ಉಳಿದರು.

ಮಾರನೇ ದಿನ ಬೆಳಗ್ಗೆ ನಾಗೇಶ ಪಾಲಾಕ್ಷನ ಕಣಕ್ಕೆ ಹೋದ. ನಾಲೆಯ ಪಕ್ಕದಲ್ಲಿ ಶುಂಠಿ ತೊಳೆಯುವ ಕಣ ಅದು. ಪಂಪಿನ ನೀರು ರಭಸವಾಗಿ ಚಿಮ್ಮುತ್ತಿತ್ತು. ಆ ಸದ್ದಿನಲ್ಲಿ ಬಂದವರ ಕಾಲಸಪ್ಪಳ ಯಾರಿಗೂ ಕೇಳುವಂತಿರಲಿಲ್ಲ. ಪಾಲಾಕ್ಷ ಬಗ್ಗಿ, ತೊಳೆದ ಶುಂಠಿಯ ರಾಶಿಯಿಂದ ಒಂದು ಗಡ್ಡೆ ಆರಿಸಿ ಮುರಿದು ನೋಡುತ್ತಿದ್ದ. ನಾಗೇಶ ಅವನ ಎದುರಿಗೇ ಹೋಗಿ ನಿಂತ.

"ಆರೆ ಇಡ್ದಿದ್ದು ಯಾವ ಕೈಲಿ?"

ಪಾಲಾಕ್ಷ ತಲೆಯೆತ್ತಿದ. "ಏನ್ಲಾ? ಇಲ್ಲಿಗ್ಯಾಕ್ ಬಂದೆ? ನಿಮ್ಮ ದೊಡ್ಡಪ್ಪಂಗೆ ಬಿದ್ದಿದ್ದು ಸಾಲ್ದಾಗಿತ್ತಾ?"

ಶರ್ಟಿನೊಳಗಿನಿಂದ ಮಚ್ಚು ಬಂದದ್ದನ್ನು ಕೂಲಿಯವರು ನೋಡಿದರು. ಕೂಗುವಷ್ಟು ಹೊತ್ತು ಸಿಗಲಿಲ್ಲ. ಮೊದಲ ಏಟು ಬಲಗೈ ಮಣಿಕಟ್ಟಿನ ಮೇಲೆ ಬಿದ್ದು ಮೂಳೆಗೆ ಸಿಕ್ಕಿಕೊಂಡಿತು. ಪಾಲಾಕ್ಷ ರಾಶಿಯ ಮೇಲೆ ಮಂಡಿಯೂರಿ ಕುಸಿದ. ನಾಗೇಶ ಕಾಲು ಕೊಟ್ಟು ಮಚ್ಚು ಕಿತ್ತುಕೊಂಡು ಇನ್ನೊಂದು ಏಟು ಹಾಕಿದ. ಕೈ ಶುಂಠಿಯ ನಡುವೆ ಬಿತ್ತು. ಪಂಪಿನ ಪೈಪು ಹಿಡಿದಿದ್ದವನು ಪೈಪು ಬಿಟ್ಟು ಓಡಿದ. ಆ ಪೈಪು ಹಾವಿನ ಹಾಗೆ ಒದ್ದಾಡುತ್ತ ಎಲ್ಲರ ಮೈಮೇಲೂ ಕೆಸರು, ರಕ್ತ ಎರಚಿತು.

ನಾಗೇಶ ಊರ ಕಡೆಗೆ ಓಡಿದ. ಮುಂದಿನ ಯೋಚನೆ ಅವನಿಗೇ ಇರಲಿಲ್ಲ. ರಸ್ತೆಯ ಆ ಕಡೆಯಿಂದ ಜನ ಬರುವುದು ಕಂಡಿತು, ಹಿಂದೆ ಕಣದವರ ಬೊಬ್ಬೆ. ಎಡಕ್ಕಿದ್ದ ಓಣಿಗೆ ನುಗ್ಗಿದ. ಓಣಿ ಹೋಗಿ ಮುಗಿಯುವುದು ಪಾಲಾಕ್ಷನ ಮನೆಯ ಹಿತ್ತಲಿಗೆ. ಅಲ್ಲಿ ಕೊಟ್ಟಿಗೆಯ ಬಾಗಿಲು ತೆರೆದಿತ್ತು.

ಒಳಗೆ ಪಾಲಾಕ್ಷನ ತಾಯಿ ಬಸವಲಿಂಗಮ್ಮ ಹಸುವಿಗೆ ಬೂಸ ಕಲಸುತ್ತಿದ್ದಳು. ಎಪ್ಪತ್ತು ದಾಟಿದ, ಹಣೆಯ ತುಂಬ ವಿಭೂತಿ ಹಚ್ಚಿದ, ಊರಲ್ಲಿ ಯಾರಿಗೂ ಹೆದರದ ಹೆಂಗಸು.

"ಯಾರ್ಲಾ ಅದು?"

"ನಾನು ಅವ್ವಾರೇ. ಮುದ್ದಮ್ಮನ ನಾಗೇಶ."

"ಮೈಯೆಲ್ಲ ರಕ್ತ ಐತಲ್ಲೋ! ಎಲ್ಲಿ ಬಿದ್ದೆ?"

"ನಂದಲ್ಲ ರಕ್ತ. ನಿಮ್ಮ ಮಗಂದು. ಕೈ ಕಡ್ದುಬುಟ್ಟೆ."

ಬಸವಲಿಂಗಮ್ಮ ಬೂಸದ ಕೈ ಕೊಡವಿದಳು. ಆಮೇಲೆ ಮೂಲೆಯಲ್ಲಿದ್ದ ದೊಣ್ಣೆ ತೆಗೆದು ಅವನ ಹೆಗಲಿಗೆ, ಬೆನ್ನಿಗೆ, ತಲೆಗೆ ಸಿಕ್ಕಸಿಕ್ಕಲ್ಲಿ ಬಾರಿಸಿದಳು. ನಾಗೇಶ ಕೈ ಅಡ್ಡ ಹಿಡಿಯಲಿಲ್ಲ. ಕಿವಿಯ ಪಕ್ಕ ಒಡೆದು ಅವನ ರಕ್ತವೂ ಇಳಿಯಿತು. ಅವಳ ಉಸಿರು ಕಟ್ಟಿ ದೊಣ್ಣೆ ತಾನಾಗಿಯೇ ಜಾರಿತು.

"ಜೀವ ಐತೇನ್ಲಾ ಅವನಿಗೆ?"

"ಐತೆ. ಕೈ ಒಂದೇ."

"ಕೈ ಒಂದೇ ಅಂತೀಯಲ್ಲೋ, ಮುಂಡೇದೆ... ಯಾಕ್ಲಾ?"

"ನಮ್ಮ ದೊಡ್ಡಪ್ಪನ ಕಾಲು ಏನಾಗೈತೆ ಅಂತ ನೋಡಿದ್ರಾ ನೀವು?"

ಅವಳು ನೋಡಿರಲಿಲ್ಲ. ಕೇಳಿದ್ದಳು. ಹಿಂದಿನ ದಿನ ಮಗ ಮನೆಗೆ ಬಂದು ಹಾರೆ ತೊಳೆದದ್ದನ್ನೂ ಕಂಡಿದ್ದಳು. "ದನ ಒಕ್ಕಂಡ್ರೆ ಓಡಿಸ್ಬೇಕು, ಮನುಷ್ಯನ್ನ ಬಡೀತಾರೇನ್ಲಾ?" ಎಂದು ಬೈದೂ ಇದ್ದಳು.

"ಮಚ್ಚು ಕೊಡು ಇತ್ಲಾಗೆ," ಎಂದಳು. ನಾಗೇಶ ಕೊಟ್ಟ. "ಇಲ್ಲೇ ಕೂತಿರು. ಪೊಲೀಸರ ಕೈಗೆ ಒಪ್ಪಿಸ್ತೀನಿ. ಜೈಲಿಗೆ ಓಗು, ನೇಣಿಗೆ ಓಗು, ಅದು ನಿನ್ನ ಹಣೇಬರ. ಈ ಮನೇಲಿ ಯಾರೂ ನಿನ್ನ ಮುಟ್ಟಲ್ಲ. ನನ್ನ ಮಾತು."

ಹೊರಬಂದು ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಹಿತ್ತಲಿನಿಂದಲೇ ಮೊಮ್ಮಗಳನ್ನು ಕೂಗಿದಳು. "ಧನ್ಯಾ! ಪೊಲೀಸರಿಗೆ ಫೋನ್ ಮಾಡೇ! ಅವನು ಇಲ್ಲೇ ಅವ್ನೆ ಅನ್ನು!"

ಧನ್ಯಾ ಪಾಲಾಕ್ಷನ ಮಗಳು, ಹೊಳೆನರಸೀಪುರಕ್ಕೆ ಕಾಲೇಜಿಗೆ ಹೋಗುವವಳು. ಅಪ್ಪನ ಸುದ್ದಿ ಆಗಷ್ಟೇ ಬಂದು ಜಗುಲಿಯ ಮೇಲೆ ಚೀರಾಡುತ್ತಿದ್ದಳು. ಅಜ್ಜಿ ಹೇಳಿದಂತೆ ಪೊಲೀಸರಿಗೆ ಫೋನ್ ಮಾಡಿದಳು. ಮರುಕ್ಷಣವೇ ಚಿಕ್ಕಪ್ಪ ಸಿದ್ದೇಶನಿಗೂ ಮಾಡಿದಳು.

ಸಿದ್ದೇಶ ಮೊದಲು ಬಂದ. ಅಣ್ಣನನ್ನು ಕಾರಿಗೆ ಹಾಕಿ ಆಸ್ಪತ್ರೆಗೆ ಕಳಿಸಿ, ಟವಲಿನಲ್ಲಿ ಸುತ್ತಿದ ಆ ಕೈಯನ್ನು ತಾನೇ ಕಾರಿನೊಳಕ್ಕೆ ಇಟ್ಟು ಬಂದಿದ್ದ. ಅವನ ಹಿಂದೆ ಏಳೆಂಟು ಜನ. ಗುದ್ದಲಿ ಕಾವು, ಪೈಪಿನ ತುಂಡು, ಸಿಕ್ಕಿದ್ದು ಹಿಡಿದಿದ್ದರು.

"ಅವ್ವಾ, ಎದ್ದೇಳು."

"ಪೊಲೀಸರು ಬತ್ತಾವ್ರೆ ಕಣೋ. ಅವರಿಗೆ ಕೊಡಾನ. ನಾನು ಮಾತು ಕೊಟ್ಟಿವ್ನಿ."

"ಅಣ್ಣನ ಕೈ ನಾನು ಇಡ್ಕೊಂಡಿದ್ದೆ ಅವ್ವಾ, ಈ ಕೈಲಿ! ಬೆಚ್ಚಗಿತ್ತು! ಎದ್ದೇಳ್ತೀಯೋ ಇಲ್ವೋ?"

"ನನ್ನ ಮೇಲೆ ಕಾಲಿಟ್ಕೊಂಡು ಓಗು ಹಂಗಾದ್ರೆ."

ಸಿದ್ದೇಶ ಅವಳ ರಟ್ಟೆ ಹಿಡಿದು ಎಳೆದು ಪಕ್ಕಕ್ಕೆ ತಳ್ಳಿದ. ಅವಳು ಕಲ್ಲಿನ ಬಾನಿಯ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಎದ್ದೇಳಲಾಗಲಿಲ್ಲ. ಬಿದ್ದಲ್ಲಿಂದಲೇ ಎಲ್ಲವನ್ನೂ ನೋಡಿದಳು. ಚಿಲಕ ತೆಗೆದರು. ಹಸುಗಳು ಹಗ್ಗ ಜಗ್ಗುತ್ತ ಅರಚಿದವು. ನಾಗೇಶನನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆತಂದರು. ಮೊದಲ ಏಟಿಗೆ ಅವನು ತಲೆ ಮುಚ್ಚಿಕೊಂಡ. ಸಿದ್ದೇಶ ಆ ಕೈಗಳ ಮೇಲೆಯೇ ಹೊಡೆದ. ಆಮೇಲೆ ಎಲ್ಲರೂ ಹೊಡೆದರು. ಅವನು ಅಲುಗುವುದು ನಿಂತ ಮೇಲೂ ಒಬ್ಬ ಹೊಡೆಯುತ್ತಲೇ ಇದ್ದ.

"ಸಾಕು ಕಣ್ರೋ! ಸತ್ತ ಕಣ್ರೋ ಅವನು! ಸತ್ತ!" ಎಂದು ಬಸವಲಿಂಗಮ್ಮ ಕೂಗಿದ್ದನ್ನು ಯಾರೂ ಕೇಳಲಿಲ್ಲ. ಪಡಸಾಲೆಯ ಕಿಟಕಿಯಲ್ಲಿ ನಿಂತು ನೋಡಿದ ಧನ್ಯಾ ಕಿಟಕಿಯ ಕದ ಎಳೆದುಕೊಂಡಳು.

ಅಲ್ಲಿಂದ ಅವರು ಕೆಳಗಿನ ಬೀದಿಗೆ ಇಳಿದರು. ಅಷ್ಟರಲ್ಲಿ ಇನ್ನಷ್ಟು ಜನ ಕೂಡಿದ್ದರು. ಚಲುವಯ್ಯನ ಮನೆಗೂ ಪಕ್ಕದ ಎರಡು ಮನೆಗಳಿಗೂ ಬೆಂಕಿ ಬಿತ್ತು. ಭವನದ ಕಿಟಕಿಗಾಜು ಒಡೆದು ಒಳಗಿದ್ದ ಬುದ್ಧನ ಮೂರ್ತಿಯನ್ನು ಚರಂಡಿಗೆ ಎಸೆದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ನಾಲೆ ದಾಟಿ ಓಡಿದರು. ತಿರುಗಿ ನಿಂತು ಕಲ್ಲು ಬೀರಿದ ಇಬ್ಬರು ಗಂಡಸರ ತಲೆ ಒಡೆಯಿತು. ಪೊಲೀಸು ವ್ಯಾನು ಬಂದಾಗ ಚಲುವಯ್ಯನ ಮನೆಯ ತೊಲೆ ಉರಿದು ಕೆಳಗೆ ಬೀಳುತ್ತಿತ್ತು.

ಹಾಸನದಿಂದ ಓಡಿಬಂದ ಅರುಣ ನಾಗೇಶನನ್ನು ನೋಡಿದ್ದು ಆಂಬುಲೆನ್ಸಿನ ಒಳಗೆ. ಮುಖದಿಂದ ಗುರುತು ಸಿಗುತ್ತಿರಲಿಲ್ಲ. ಜೆಸಿಬಿಯ ಸೈಲೆನ್ಸರು ತಗುಲಿ ಸುಟ್ಟ ಮೊಣಕೈ ಕಲೆಯಿಂದ ಗುರುತು ಹಿಡಿದ. ಆಂಬುಲೆನ್ಸಿನಿಂದ ಇಳಿಯುತ್ತಿದ್ದಂತೆ ಇಬ್ಬರು ಕಾನ್ಸ್‌ಟೇಬಲ್‌ಗಳು ಅವನ ತೋಳು ಹಿಡಿದರು. ಜನರನ್ನು ಎತ್ತಿಕಟ್ಟಿದ ಆರೋಪ. ಅಕಿನೊನ ಹೆಸರು ಹೇಳಿ, ಮಚ್ಚು ಹಿಡಿಯಿರಿ ಎಂದು ಭವನದಲ್ಲಿ ವಾರವಾರ ಭಾಷಣ ಮಾಡುತ್ತಿದ್ದ ಎಂದು ಮೇಲಿನ ಬೀದಿಯವರು ಬರೆಸಿದ್ದರು.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಗೌರೀಶಂಕರ ಕುರ್ಚಿ ಎಳೆದು ಎದುರಿಗೆ ಕೂತ.

"ಯಾರ್ಲಾ ಅದು ಅಕಿನೊ?"

"ಒಬ್ಬ ರೈತಕೂಲಿ ಸಾ. ಎಲ್ ಸಾಲ್ವಡಾರ್ ದೇಶದವನು."

"ಈಗೆಲ್ಲವ್ನೆ?"

"ಸತ್ತು ಇನ್ನೂರು ವರ್ಷ ಆಗ್ತಾ ಬಂತು ಸಾ."

ಕೆನ್ನೆಗೆ ಏಟು ಬಿತ್ತು. ಅರುಣನ ಕನ್ನಡಕ ಹಾರಿ ಗೋಡೆಗೆ ಬಡಿಯಿತು.

"ಸತ್ತೋನು ಬಂದು ಕೈ ಕಡೀ ಅಂತ ಏಳ್ದನಾ ಅವನಿಗೆ? ನೀನ್ ತಾನೇ ಏಳಿದ್ದು?"

"ಅವನ ಕತೆ ಹೇಳಿದ್ದೆ ಸಾ. ಕೊನೆಗೆ ಅವನ ತಲೆ ಕಡಿದು ನೇತುಹಾಕಿದ್ದನ್ನೂ ಹೇಳಿದ್ದೆ."

"ನಮ್ಮ ಪಠ್ಯದಲ್ಲಿಲ್ಲದ್ದೆಲ್ಲ ನಿಂಗ್ಯಾಕ್ಲಾ? ನಮ್ಮ ದೇಶದ ಚರಿತ್ರೆ ಮುಗ್ದೋಗಿತ್ತಾ?" ಎನ್ನುತ್ತ ಗೌರೀಶಂಕರ ಲಾಠಿ ತೆಗೆದುಕೊಂಡ. ಅಂಗಾಲಿಗೆ ಬಿದ್ದ ಏಟುಗಳನ್ನು ಅರುಣ ಎಣಿಸಲಿಲ್ಲ. ಮೂರು ದಿನ ಗೋಡೆ ಹಿಡಿದು ನಡೆದ.

ಹಾಸನದ ಜೈಲಿನಲ್ಲಿ ಎರಡು ತಿಂಗಳಿಗೂ ಮಿಕ್ಕಿ ಕಳೆದ ಮೇಲೆ ವಕೀಲೆ ಯಶಸ್ವಿನಿ ಅವನಿಗೆ ಜಾಮೀನು ಕೊಡಿಸಿದಳು. ಕಾಲೇಜಿನವರು ಅಷ್ಟರಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. ಅಪ್ಪ ಅಮ್ಮ ಭವನದ ಒಂದು ಮೂಲೆಯಲ್ಲಿ ಸಂಸಾರ ಹೂಡಿದ್ದರು. ಯಶಸ್ವಿನಿ ಅವನಿಗೆ ಇದ್ದ ವಿಷಯ ಇದ್ದ ಹಾಗೆ ಹೇಳಿದಳು: ನಾಗೇಶನ ಕೊಲೆಗೆ ಸಾಕ್ಷಿ ಇಲ್ಲ. ಅಂಗಳದಲ್ಲಿದ್ದವರೆಲ್ಲ ಆರೋಪಿಗಳು, ಸುತ್ತಲಿನ ಮನೆಯವರು ಏನೂ ಕಂಡಿಲ್ಲ ಎನ್ನುತ್ತಿದ್ದಾರೆ, ಧನ್ಯಾ ಒಳಗಿದ್ದೆ ಎನ್ನುತ್ತಾಳೆ.

ಉಳಿದವಳು ಬಸವಲಿಂಗಮ್ಮ. ಸೊಂಟಕ್ಕೆ ಆಪರೇಷನ್ ಆಗಿ ಅವಳು ವಾಕರ್ ಹಿಡಿದು ಓಡಾಡುತ್ತಿದ್ದಳು. ಕಾಲು ಜಾರಿ ಬಿದ್ದೆ ಎಂದು ಹೇಳಬೇಕೆಂದು ಮಕ್ಕಳು ತಾಕೀತು ಮಾಡಿದ್ದರು. ಜಾಮೀನಿನ ಮೇಲೆ ಬಂದಿದ್ದ ಸಿದ್ದೇಶ ದಿನಾ ಅವಳ ಎದುರಿಗೇ ಊಟಕ್ಕೆ ಕೂರುತ್ತಿದ್ದ. ಅವಳು ಅವನ ತಟ್ಟೆಗೆ ಬಡಿಸುವುದನ್ನು ಬಿಟ್ಟಿದ್ದಳು. ಒಂದು ಮಧ್ಯಾಹ್ನ, ಹಾಸನಕ್ಕೆ ಹೋಗಿ ಜಡ್ಜರ ಮುಂದೆ ಕಂಡದ್ದನ್ನು ಹೇಳುತ್ತೇನೆ ಎಂದಳು.

ಪಾಲಾಕ್ಷ ಬಲಗೈಯ ಮೊಂಡನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತ. "ನನ್ನ ಕೈ ಓಯ್ತು. ಈಗ ತಮ್ಮನ್ನೂ ಒಳಕ್ಕೆ ಕಳಿಸ್ತೀಯಾ? ಏನು ತಾಯಿ ನೀನು?"

"ನಿನ್ನ ಕೈ ಕಡ್ದೋನು ಸತ್ತ. ಅವನನ್ನ ಕೊಂದೋನು ನನ್ನ ಮನೇಲಿ ಉಣ್ತಾವ್ನೆ," ಎಂದಳು. "ಪೊಲೀಸರಿಗೆ ಕೊಡ್ತೀನಿ, ಯಾರೂ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ ಕಣ್ಲಾ. ಆ ಮಾತು ನಂಬಿ ಮಚ್ಚು ಕೊಟ್ಬುಟ್ಟ ಅವನು. ಮಚ್ಚು ಕೈಲಿದ್ದಿದ್ರೆ ಓಡೋಗ್ತಿದ್ನೋ ಏನೋ. ನನ್ನ ಮಾತಿಗೇ ಸತ್ತ."

ಸಿದ್ದೇಶ ತಟ್ಟೆ ಎತ್ತಿ ಗೋಡೆಗೆ ಅಪ್ಪಳಿಸಿದ. ವಾಕರನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದು ಹೊರಗೆ ಹೋದ. ಸಂಜೆ ಧನ್ಯಾ ಅದನ್ನು ತಂದುಕೊಟ್ಟಳು. ವಾರದೊಳಗೆ ಬಸವಲಿಂಗಮ್ಮ ಹಿರೀಸಾವೆಯಲ್ಲಿದ್ದ ಮಗಳ ಮನೆಗೆ ಹೋದಳು. ಸಾಕ್ಷಿ ಹೇಳಲು ಅಲ್ಲಿಂದಲೇ, ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಹಾಸನಕ್ಕೆ ಬಂದಳು.

ಹಾಸನದ ನ್ಯಾಯಾಲಯದ ಪಡಸಾಲೆಯಲ್ಲಿ ಒಂದೇ ಬೆಂಚಿತ್ತು. ಒಂದು ತುದಿಯಲ್ಲಿ ಮುದ್ದಮ್ಮ ಮತ್ತು ಅರುಣ, ಇನ್ನೊಂದು ತುದಿಯಲ್ಲಿ ಬಸವಲಿಂಗಮ್ಮ. ಎದುರಿನ ಗೋಡೆಗೆ ಒರಗಿ ನಿಂತಿದ್ದ ಸಿದ್ದೇಶನ ಕಡೆಯವರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಬಸವಲಿಂಗಮ್ಮ ಅರುಣನ ಕಡೆ ತಿರುಗಿದಳು.

"ನೀನು ಅದ್ಯಾವುದೋ ದೇಶದ ಕತೆ ಹೇಳಿ ಅವನನ್ನ ಕೆಡಿಸ್ದೆ ಅಂತಾರೆ. ನಿಜವೇನಪ್ಪ?"

ಅರುಣ ಈ ಪ್ರಶ್ನೆಯನ್ನು ಜೈಲಿನಲ್ಲಿ ತನಗೆ ತಾನೇ ಕೇಳಿಕೊಂಡಿದ್ದ. "ಕತೆ ಪೂರ್ತಿ ಹೇಳಿದ್ದೆ ಅವ್ವಾರೇ," ಎಂದ. "ಅವನಿಗೆ ಬೇಕಾದ ತುಂಡು ಅವನು ಇಟ್ಕೊಂಡ. ಹೇಳ್ದೇ ಇದ್ದಿದ್ರೆ ಅವನು ಇರ್ತಿದ್ನೇನೋ. ನನಗೆ ಗೊತ್ತಿಲ್ಲ."

ಬಸವಲಿಂಗಮ್ಮ ವಾಕರನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆರೆ ಎತ್ತಿದ್ನಲ್ಲ ನನ್ನ ಮಗ, ಅವನು ಯಾವ ಕತೆ ಕೇಳಿದ್ದ?"

ಮುದ್ದಮ್ಮ ಅಷ್ಟು ಹೊತ್ತೂ ನೆಲ ನೋಡುತ್ತಿದ್ದವಳು, ಮುಖ ಎತ್ತದೆಯೇ ಕೇಳಿದಳು:

"ಸಾಯಾವಾಗ ಏನಾರ ಅಂದ್ನಾ?"

"ಸಾಯಾವಾಗ ಏನೂ ಅನ್ನಾಕೆ ಬಿಡ್ನಿಲ್ಲ ಅವರು," ಎಂದಳು ಬಸವಲಿಂಗಮ್ಮ. "ಅದಕ್ಕೂ ಮುಂಚೆ, ನಾನು ಬಾಗಿಲು ಹಾಕಿದ್ನಲ್ಲ, ಒಳಗಿಂದ ಕೂಗಿ ಏಳ್ದ. ದನ ಬೆದರ್ತಾವೆ ಅವ್ವಾರೇ, ಜನ ಬಂದ್ರೆ ಹಗ್ಗಕ್ಕೆ ಕುತ್ತಿಗೆ ಸಿಕ್ಕಾಕಂತಾವೆ, ಬಿಚ್ಚಿಬುಡ್ಲಾ ಅಂದ. ಬ್ಯಾಡ ಸುಮ್ಕಿರು ಅಂದೆ."

ಮುದ್ದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಸವಲಿಂಗಮ್ಮ ಕೈ ಚಾಚಲಿಲ್ಲ. ಹೆಸರು ಕೂಗಿದಾಗ ವಾಕರ್ ಊರಿಕೊಂಡು ಎದ್ದು ಒಳಗೆ ಹೋದಳು.

ಒಳಗೆ ಅವಳು ಎಂಟು ಜನರ ಹೆಸರು ಹೇಳಿದಳು. ಮೊದಲ ಹೆಸರು ಸಿದ್ದೇಶನದು. ಸುಳ್ಳು ಹೇಳುತ್ತಿದ್ದೀರಿ, ವಯಸ್ಸಾದ ಕಣ್ಣು ಎಂದು ಎದುರು ವಕೀಲ ಕೆಣಕಿದಾಗ, "ಹೆತ್ತೋಳಿಗೆ ಮಗನ ಗುರುತು ಸಿಕ್ಕಲ್ವೇನಪ್ಪಾ?" ಎಂದಳು. ಆಮೇಲೆ ಯಾರೂ ಹೆಚ್ಚು ಕೇಳಲಿಲ್ಲ.

ಸಿದ್ದೇಶನಿಗೂ ಇನ್ನು ಮೂವರಿಗೂ ಜೀವಾವಧಿಯಾಯಿತು. ಉಳಿದವರಿಗೆ ಬೆಂಕಿ ಹಚ್ಚಿದ್ದಕ್ಕೆ ಏಳು ವರ್ಷ. ಚಲುವಯ್ಯನ ಕಾಲು ಮುರಿದ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಪಾಲಾಕ್ಷ ವಾಯಿದೆಗೆ ಬಂದು ಎಡಗೈಯಲ್ಲಿ ಸಹಿ ಹಾಕಿ ಹೋಗುತ್ತಾನೆ. ಅರುಣನ ಮೇಲಿದ್ದ ಆರೋಪ ಕೋರ್ಟಿನಲ್ಲಿ ನಿಲ್ಲದೆ ಬಿದ್ದುಹೋಯಿತು. ಅವನು ಈಗ ಹೊಳೆನರಸೀಪುರದ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಾನೆ. ಯಾರಾದರೂ ಕೇಳಿದರೆ ಎಲ್ ಸಾಲ್ವಡಾರಿನ ಚರಿತ್ರೆಯನ್ನು ಈಗಲೂ ಹೇಳುತ್ತಾನೆ, ಆದರೆ ಮೊದಲಿಗಿಂತ ನಿಧಾನವಾಗಿ, ಕೂತವರ ಮುಖ ನೋಡುತ್ತ.

ಕೊಲೆಯ ಗಲಾಟೆ ಪತ್ರಿಕೆಗಳಲ್ಲಿ ಬಂದ ಮೇಲೆ ಗೋಮಾಳದ ಅಳತೆಗೂ ಜನ ಬಂದರು. ಗುಡ್ಡವೆಲ್ಲ ಊರೊಟ್ಟಿನದೇ ಎಂದು ತೀರ್ಮಾನವಾಗಿ ಪೊಲೀಸ್ ಕಾವಲಿನಲ್ಲಿ ಕಂಬ ಕಿತ್ತರು. ಕಿತ್ತರೂ ಅಲ್ಲಿಗೆ ದನ ಹೊಡೆದುಕೊಂಡು ಹೋಗಲು ಯಾರಿಗೂ ಧೈರ್ಯ ಬರಲಿಲ್ಲ, ಮೇಲಿನ ಬೀದಿಯವರಿಗೂ ಕೆಳಗಿನ ಬೀದಿಯವರಿಗೂ. ಮಳೆ ಬಿದ್ದು ಹುಲ್ಲು ಸೊಂಟದೆತ್ತರ ಬೆಳೆದು ನಿಂತಿತು.

ಒಂದು ಬೆಳಗ್ಗೆ ಚಲುವಯ್ಯ ಕೋಲು ಹಿಡಿದು ಎರಡು ಹಸು ಹೊಡೆದುಕೊಂಡು ಹೊರಟ. ಬೇಡ ಎಂದು ಮುದ್ದಮ್ಮ ಅಡ್ಡ ನಿಂತಳು. "ಹೆತ್ತೋಳು ಸತ್ತಾಗಿಂದ ನಮ್ಮನೇಲಿ ಬೆಳ್ದ ಹೈದ ಈ ಗುಡ್ಡಕ್ಕೇ ಸತ್ತೈತೆ. ಹುಲ್ಲು ಒಣಗಾಕೆ ಬಿಡ್ಲಾ?" ಎಂದು ಅವಳನ್ನು ಸರಿಸಿ ನಡೆದ. ರಾಡು ಹಾಕಿದ ಕಾಲು ಮಡಿಸಲು ಬಾರದೆ ಏರಿನಲ್ಲಿ ಪಕ್ಕಕ್ಕೆ ಎಳೆದುಕೊಂಡು ಹತ್ತಿದ. ಮುದ್ದಮ್ಮ ಸ್ವಲ್ಪ ಹೊತ್ತು ನೋಡಿ, ಭವನದ ಕದ ಮುಂದೆ ಎಳೆದು, ಅವನ ಹಿಂದೆಯೇ ಹೊರಟಳು.

ಅವರು ಮೇಲೆ ಕೂತಿದ್ದಾಗ ಕೆಳಗಿನ ರಸ್ತೆಯಲ್ಲಿ ಒಂದು ಕಾರು ಬಂದು ನಿಂತಿತು. ಹಿಂದಿನ ಸೀಟಿನ ಗಾಜು ಇಳಿಯಿತು. ಪಾಲಾಕ್ಷ ಗುಡ್ಡದ ಕಡೆ ನೋಡಿದ. ಚಲುವಯ್ಯ ಎದ್ದು ನಿಲ್ಲಲಿಲ್ಲ, ಮುಖ ತಿರುಗಿಸಲೂ ಇಲ್ಲ. ಹಸುಗಳು ತಲೆ ತಗ್ಗಿಸಿ ಹುಲ್ಲು ಕೀಳುವ ಸದ್ದೊಂದೇ ಕೇಳುತ್ತಿತ್ತು. ಗಾಜು ಮೇಲೇರಿತು. ಕಾರು ಹೊಳೆನರಸೀಪುರದ ಕಡೆಗೆ ಹೋಯಿತು.

"ಇನ್ನೊಂಚೂರು ಮೇಯ್ಲಿ," ಎಂದಳು ಮುದ್ದಮ್ಮ.